ಉರಿಬಿಸಿಲಿನಲ್ಲಿ ಬೈಕ್ ಸವಾರಿ: ಹೊರಡುವ ಮುನ್ನವೇ ಮಾಡಬೇಕಾದ ತೀರ್ಮಾನಗಳು

ಬಿರುಬೇಸಿಗೆಯಲ್ಲಿ ದೂರದ ಸವಾರಿಗೆ ಹೊರಡುವವರು ಸಾಮಾನ್ಯವಾಗಿ ಅಂಜುವುದು ತಲೆಸುತ್ತಿ ಬೀಳುವುದಕ್ಕೆ. ಆದರೆ ಅಪಾಯವು ಅದಕ್ಕಿಂತ ಬಹಳ ಮೊದಲೇ ಜೊತೆಗೆ ಹೊರಟಿರುತ್ತದೆ. ದೇಹದ ತೂಕದ ಶೇಕಡಾ 2ರಷ್ಟು ನೀರು ಬೆವರಾಗಿ ಹೋದರೆ, ಅಂದರೆ 70 ಕೆಜಿ ತೂಕದ ಸವಾರರು ಒಂದೂವರೆ ಲೀಟರಿಗೆ ಸ್ವಲ್ಪ ಕಡಿಮೆ ನೀರು ಕಳೆದುಕೊಂಡರೆ, ಗಮನ ಚದುರತೊಡಗುತ್ತದೆ, ನಿರ್ಧಾರಗಳು ತಡವಾಗುತ್ತವೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಇದೆಲ್ಲ ನಡೆಯುವ ಹೊತ್ತಿಗೆ ಬಾಯಾರಿಕೆ ಇನ್ನೂ ಆಗ ತಾನೇ ತಲೆಹಾಕಿರುತ್ತದೆ.

ನನಗೆ ಇದು ತಿಳಿದದ್ದು ಒಂದು ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ. ಎರಡು ಗಂಟೆಗೂ ಹೆಚ್ಚು ಕಾಲ ನೀರು ಕುಡಿಯದೆ ಓಡಿಸಿಕೊಂಡು ಬಂದಿದ್ದ ನಾನು ಪೆಟ್ರೋಲ್ ಹಾಕಿಸಿ, ಹಣ ಕೊಟ್ಟು, ಟ್ಯಾಂಕಿನ ಮುಚ್ಚಳ ಹಾಕದೆಯೇ ಹೊರಟುಬಿಟ್ಟೆ. ಹಿಂದಿನಿಂದ ಕೂಗಿ ಎಚ್ಚರಿಸಿದವರ ಮೇಲೆ ನನಗೆ ಕೋಪ ಬಂದಿತ್ತು. ನೆರಳಿನಲ್ಲಿ ಅರ್ಧ ಗಂಟೆ ಕೂತು ನೀರು ಕುಡಿದ ಮೇಲೆಯೇ ನನ್ನ ಸ್ಥಿತಿ ಏನಾಗಿತ್ತೆಂಬುದು ನನಗೆ ಅರ್ಥವಾದದ್ದು. ಬಂಕಿಗೆ ಬರುವ ಮುಂಚಿನ ಐದಾರು ಕಿಲೋಮೀಟರ್ ದಾರಿ ನನ್ನ ನೆನಪಿನಲ್ಲಿ ಇರಲೇ ಇಲ್ಲ. ತಲೆ ಮಂಕಾಗಿದೆ ಎಂದು ಗುರುತಿಸಬೇಕಾದದ್ದೂ ಅದೇ ತಲೆಯಾದ್ದರಿಂದ, ಎಲ್ಲಿ ನಿಲ್ಲಬೇಕು, ಎಷ್ಟು ಕುಡಿಯಬೇಕು, ಯಾವಾಗ ಸವಾರಿಯನ್ನು ಕೈಬಿಡಬೇಕು ಎಂಬುದನ್ನು ಮನೆಯಲ್ಲಿ, ತಣ್ಣಗೆ ಕೂತಿರುವಾಗಲೇ ಗೊತ್ತುಮಾಡಿಕೊಳ್ಳಬೇಕು. ಈ ಲೇಖನದ ಎಲ್ಲ ಸಲಹೆಗಳೂ ಆ ಒಂದು ಮಾತನ್ನೇ ಆಧರಿಸಿವೆ.

ಮೊದಲು ತಿಳಿಯಬೇಕಾದದ್ದು: ಗಾಳಿ ಯಾವಾಗ ತಂಪು, ಯಾವಾಗ ಬಿಸಿ

ದೇಹದೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಚರ್ಮದ ಉಷ್ಣತೆ ಅದಕ್ಕಿಂತ ಕಡಿಮೆ, ಹೆಚ್ಚುಕಡಿಮೆ 33ರಿಂದ 35 ಡಿಗ್ರಿ. ಹೊರಗಿನ ಗಾಳಿ ಚರ್ಮಕ್ಕಿಂತ ತಂಪಾಗಿರುವವರೆಗೆ, ಬೈಕ್ ಓಡಿದಷ್ಟೂ ಮೈ ತಣಿಯುತ್ತದೆ. ಗಾಳಿಯ ಉಷ್ಣತೆ 40ರ ಆಸುಪಾಸಿಗೆ ಬಂತೆಂದರೆ ಲೆಕ್ಕ ತಿರುಗಿಬೀಳುತ್ತದೆ: ಅದೇ ಗಾಳಿ ಮೈಗೆ ಶಾಖವನ್ನು ತುಂಬತೊಡಗುತ್ತದೆ, ವೇಗ ಹೆಚ್ಚಿದಷ್ಟೂ ಹೆಚ್ಚು ತುಂಬುತ್ತದೆ. ಆಗ ದೇಹಕ್ಕೆ ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖ ದೇಹದಿಂದ ಹೊರಹೋಗುತ್ತದೆ. ಬೆವರು ಆರದೆ ಬರಿದೇ ತೊಟ್ಟಿಕ್ಕಿದರೆ ಈ ಲಾಭವಿಲ್ಲ, ನೀರು ಮಾತ್ರ ನಷ್ಟ.

ಆದ್ದರಿಂದ ಹೊರಡುವ ದಿನ ಹವಾಮಾನ ವರದಿಯಲ್ಲಿ ಉಷ್ಣತೆಯ ಜೊತೆಗೆ ತೇವಾಂಶವನ್ನೂ ನೋಡಿ. ಒಣ ಧಗೆಯಲ್ಲಿ ಬೆವರು ಚರ್ಮದ ಮೇಲೆ ಕಾಣಿಸಿಕೊಳ್ಳುವ ಮುಂಚೆಯೇ ಆರಿಹೋಗುತ್ತದೆ. ಮೈ ಒಣಗಿರುವುದನ್ನು ಕಂಡ ಸವಾರರು ತಾವು ಬೆವರುತ್ತಲೇ ಇಲ್ಲವೆಂದುಕೊಳ್ಳುತ್ತಾರೆ. ಆದರೆ ಅವರು ಗಂಟೆಗೆ ಒಂದು ಲೀಟರ್ ನೀರನ್ನು ಗಾಳಿಗೆ ಕೊಡುತ್ತಿರಬಹುದು. ತೇವ ತುಂಬಿದ ಸೆಕೆಯಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ಬೆವರು ಧಾರಾಕಾರವಾಗಿ ಇಳಿದರೂ ಆರುವುದಿಲ್ಲ, ಥರ್ಮಾಮೀಟರ್ 34 ತೋರಿಸುತ್ತಿದ್ದರೂ ದೇಹ ಒಳಗೊಳಗೇ ಕಾಯುತ್ತ ಹೋಗುತ್ತದೆ. ಈ ಎರಡೂ ಧಗೆಗಳಿಗೆ ಉಡುಪಿನ ಉಪಾಯಗಳು ಬೇರೆ ಬೇರೆ. ಒಂದಕ್ಕೆ ಒಗ್ಗುವುದನ್ನು ಇನ್ನೊಂದರಲ್ಲಿ ಪ್ರಯೋಗಿಸಿದರೆ ತೊಂದರೆ ಹೆಚ್ಚುತ್ತದೆ.

ಮೈ ಮುಚ್ಚುವ ಹೆಜ್ಜೆ

ಸೆಕೆಯೆಂದು ಅಂಗಿಯ ತೋಳು ಮಡಚಿ, ಜಾಕೆಟ್ ಬಿಟ್ಟು, ಚಪ್ಪಲಿಯಲ್ಲಿ ಹೊರಡುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬಿದ್ದಾಗ ಚರ್ಮ ಕಿತ್ತುಬರುವ ಮಾತು ಹಾಗಿರಲಿ. ಬೀಳದಿದ್ದರೂ ಬರಿ ತೋಳಿನ ಮೇಲೆ ಸುಡುಬಿಸಿಲು ನೇರವಾಗಿ ಬೀಳುತ್ತದೆ, ಬಿಸಿಗಾಳಿ ನೇರವಾಗಿ ತಾಗುತ್ತದೆ, ಬೆವರು ಬೇಗ ಬೇಗ ಹಾರಿಹೋಗಿ ದೇಹದ ನೀರು ಕಡಿಮೆಯಾಗುತ್ತದೆ. ಮೈ ಮುಚ್ಚುವ ಬಟ್ಟೆ ಕಡುಬಿಸಿಲಿನಲ್ಲಿ ನೆರಳಿನ ಕೆಲಸವನ್ನೂ ಮಾಡುತ್ತದೆ.

ಬೇಸಿಗೆಗೆ ಮೆಶ್ ಜಾಕೆಟ್, ಅಂದರೆ ಗಾಳಿಯಾಡುವ ಬಲೆಯಂಥ ಬಟ್ಟೆಯ ಜಾಕೆಟ್ ಒಳ್ಳೆಯದು. ಕೊಳ್ಳುವಾಗ ಬಟ್ಟೆ ಎಷ್ಟು ತೆಳುವಾಗಿದೆ ಎಂಬುದನ್ನಷ್ಟೇ ನೋಡಬಾರದು. ಯುರೋಪಿನ ಇಎನ್ 17092 ಮಾನದಂಡದಲ್ಲಿ ಸವಾರಿ ಉಡುಪುಗಳನ್ನು ಎಎಎ, ಎಎ, ಎ ಎಂದು ವರ್ಗೀಕರಿಸುತ್ತಾರೆ. ಎಎಎ ಅತಿ ಹೆಚ್ಚು ರಕ್ಷಣೆಯದು. ಗಾಳಿಯಾಡುವ ಜಾಕೆಟ್‌ಗಳಲ್ಲಿ ಹಲವು ಎ ವರ್ಗದಲ್ಲಿ ಬರುತ್ತವೆ. ಎಎ ವರ್ಗದ್ದು ಸಿಕ್ಕರೆ ಅದನ್ನೇ ಆರಿಸುವುದು ಲೇಸು. ಭುಜ, ಮೊಣಕೈ ಮತ್ತು ಬೆನ್ನಿನ ಭಾಗಕ್ಕೆ ರಕ್ಷಾಫಲಕಗಳು ಇರಲೇಬೇಕು. ಬಣ್ಣ ತಿಳಿಯಾದಷ್ಟೂ ಬಿಸಿಲನ್ನು ಹೀರುವುದು ಕಡಿಮೆ, ಬೇರೆ ಚಾಲಕರ ಕಣ್ಣಿಗೆ ಬೀಳುವುದೂ ಹೆಚ್ಚು.

ಈಗ ಎರಡು ಧಗೆಗಳ ವಿಷಯ. ತೇವದ ಸೆಕೆಯಲ್ಲಿ ಜಾಕೆಟ್‌ನ ಎಲ್ಲ ಗಾಳಿಕಿಂಡಿಗಳನ್ನೂ ತೆರೆದಿಡಿ. ಬೆವರು ಆರಲು ಸಿಗುವ ಪ್ರತಿಯೊಂದು ಗಾಳಿಯಲೆಯೂ ಬೇಕು. ಒಳಗೆ ಬೆವರನ್ನು ಎಳೆದು ಬೇಗ ಒಣಗುವ, ಮೈಗೆ ಅಂಟದ ತೆಳು ಉಡುಪಿರಲಿ. ಒಣ ಧಗೆ 38 ಅಥವಾ 40 ಡಿಗ್ರಿ ದಾಟಿದ್ದರೆ ಮಾತ್ರ ಬೇರೆ ಕ್ರಮ: ಹತ್ತಿಯ ಅಂಗಿಯನ್ನೋ, ನೀರು ಹಿಡಿದಿಡುವ ತಂಪು ಒಳಜಾಕೆಟನ್ನೋ ನೀರಿನಲ್ಲಿ ಅದ್ದಿ, ಹಿಂಡಿ, ಒಳಗೆ ತೊಟ್ಟು, ಹೊರಗಿನ ಜಾಕೆಟ್‌ನ ಕಿಂಡಿಗಳನ್ನು ಸ್ವಲ್ಪವೇ ತೆರೆದಿಡಬೇಕು. ಆಗ ಗಾಳಿ ನಿಧಾನವಾಗಿ ಒಳನುಗ್ಗಿ, ನಿಮ್ಮ ಬೆವರಿನ ಬದಲು ಬಟ್ಟೆಯ ನೀರನ್ನು ಆರಿಸುತ್ತದೆ. ತಂಪು ಸಿಗುವುದು ಆ ನೀರಿನಿಂದ. ದೇಹದ ನೀರು ದೇಹದಲ್ಲಿಯೇ ಉಳಿಯುತ್ತದೆ. ಎಲ್ಲ ಕಿಂಡಿಗಳನ್ನೂ ಬಿಚ್ಚಿದರೆ ಬಟ್ಟೆ ಕಾಲು ಗಂಟೆಯಲ್ಲಿ ಒಣಗಿ, ಆಮೇಲೆ ಬರುವುದು ಬರಿಯ ಬಿಸಿಗಾಳಿ. ಬಟ್ಟೆ ಒಣಗಿತೆಂದರೆ ನಿಂತು ಮತ್ತೆ ಅದ್ದಿಕೊಳ್ಳುವುದು ಕಡ್ಡಾಯ. ಕತ್ತಿಗೆ ಸುತ್ತಿದ ಒದ್ದೆ ಬಟ್ಟೆ ಇನ್ನೂ ಸುಲಭದ ಉಪಾಯ. ಆದರೆ ಅದರ ತುದಿಗಳನ್ನು ಗಾಳಿಗೆ ಹಾರದಂತೆ ಜಾಕೆಟ್‌ನೊಳಗೆ ಸಿಕ್ಕಿಸಬೇಕು.

ಹೆಲ್ಮೆಟ್ ವಿಷಯದಲ್ಲಿ ರಿಯಾಯಿತಿಗೆ ಜಾಗವೇ ಇಲ್ಲ. ಮುಖ ಪೂರ್ತಿ ಮುಚ್ಚುವ, ಗಾಳಿಕಿಂಡಿಗಳಿರುವ, ತಿಳಿಬಣ್ಣದ ಹೆಲ್ಮೆಟ್ ಬೇಸಿಗೆಗೂ ಸರಿಯೇ. ಒಳಗೆ ತೆಳುವಾದ ತಲೆಗವಸು ಧರಿಸಿದರೆ ಬೆವರು ಕಣ್ಣಿಗೆ ಇಳಿಯುವುದಿಲ್ಲ, ಒಳಪದರವೂ ಹಾಳಾಗುವುದಿಲ್ಲ. ಒಣ ಬಿಸಿಗಾಳಿಯಲ್ಲಿ ಮುಖದ ಗಾಜನ್ನು ಇಳಿಸಿಯೇ ಇಡಿ, ಏಕೆಂದರೆ ಕಣ್ಣು ಒಣಗಿ ಉರಿಯತೊಡಗಿದರೆ ದೃಷ್ಟಿಯೇ ಮಸುಕಾಗುತ್ತದೆ. ಕಪ್ಪು ಗಾಜು ಬಳಸುವವರು ಸಂಜೆಗೆಂದು ತಿಳಿಗಾಜನ್ನು ಚೀಲದಲ್ಲಿ ಇಟ್ಟುಕೊಳ್ಳಲೇಬೇಕು.

ಬೆವರಿದ ಬರಿಗೈ ಹಿಡಿಯಿಂದ ಜಾರುತ್ತದೆ, ಆದ್ದರಿಂದ ಸಣ್ಣ ರಂಧ್ರಗಳಿರುವ ಕೈಗವಸು ಬೇಕು. ಗಿಣ್ಣು ಮುಚ್ಚುವ ಬೂಟು ಎಂಜಿನ್ನಿನ ಝಳದಿಂದಲೂ ಸೈಲೆನ್ಸರಿನ ಸುಡುವಿಕೆಯಿಂದಲೂ ಕಾಲನ್ನು ಕಾಯುತ್ತದೆ. ಕತ್ತಿನ ಹಿಂಭಾಗ, ಮೂಗು, ಮಣಿಕಟ್ಟು ಇವುಗಳಿಗೆ ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ; ಹಣೆಗೆ ಹಚ್ಚಿದರೆ ಅದು ಬೆವರಿನೊಡನೆ ಕಣ್ಣಿಗಿಳಿದು ಉರಿಸುತ್ತದೆ.

ನೀರು: ಬಾಯಾರಿಕೆಯನ್ನು ಕಾಯಬೇಡಿ

ಸವಾರಿಯ ಹಿಂದಿನ ಸಂಜೆಯೇ ಚೆನ್ನಾಗಿ ನೀರು ಕುಡಿದು, ಮದ್ಯವನ್ನು ದೂರವಿಟ್ಟು, ಸಾಕಷ್ಟು ನಿದ್ದೆ ಮಾಡಿ. ಬೆಳಿಗ್ಗೆ ಮೂತ್ರದ ಬಣ್ಣ ತಿಳಿ ಹಳದಿಯಾಗಿದ್ದರೆ ದೇಹದಲ್ಲಿ ನೀರು ಸಾಕಷ್ಟಿದೆ. ಕಡು ಹಳದಿಯಾಗಿದ್ದರೆ ನೀವು ಕೊರತೆಯಲ್ಲಿಯೇ ಹೊರಡುತ್ತಿದ್ದೀರಿ.

ದಾರಿಯಲ್ಲಿ ಪ್ರತಿ 15ರಿಂದ 20 ನಿಮಿಷಕ್ಕೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರು ಎಂಬುದು ಬಿಸಿಲಿನಲ್ಲಿ ದುಡಿಯುವವರಿಗೆ ಹೇಳುವ ಲೆಕ್ಕ. ಇದು ಸವಾರರಿಗೂ ಹೊಂದುತ್ತದೆ. ಬೆನ್ನಚೀಲದಲ್ಲಿ ನೀರು ತುಂಬಿ, ಕೊಳವೆಯಿಂದ ಹೀರುವ ವ್ಯವಸ್ಥೆ ಇದ್ದರೆ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಗುಟುಕರಿಸಬಹುದು. ಅದಿಲ್ಲದವರು ಗಂಟೆಗೊಮ್ಮೆ ಕಡ್ಡಾಯವಾಗಿ ನಿಂತು ಮುಕ್ಕಾಲು ಲೀಟರ್‌ವರೆಗೆ ನಿಧಾನವಾಗಿ ಕುಡಿಯಲಿ. ಅತಿಯೂ ಒಳ್ಳೆಯದಲ್ಲ. ಗಂಟೆಗೆ ಒಂದೂವರೆ ಲೀಟರ್ ಮೀರಿ ಬರಿ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿನ ಸೋಡಿಯಂ ಕುಸಿದು, ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಳ್ಳಬಹುದು. ಈ ಲಕ್ಷಣಗಳು ಬಿಸಿಲಿನ ಬಳಲಿಕೆಯ ಹಾಗೆಯೇ ಇರುವುದರಿಂದ ಜನ ಇನ್ನಷ್ಟು ನೀರು ಕುಡಿದು ಸ್ಥಿತಿಯನ್ನು ಹದಗೆಡಿಸಿಕೊಳ್ಳುತ್ತಾರೆ.

ಎರಡು ಮೂರು ಗಂಟೆ ಮೀರಿದ ಸವಾರಿಯಾದರೆ ಬೆವರಿನಲ್ಲಿ ಹೋದ ಉಪ್ಪನ್ನೂ ತುಂಬಿಕೊಳ್ಳಬೇಕು. ಹೊತ್ತು ಹೊತ್ತಿಗೆ ಹಗುರವಾದ ಊಟ ಮಾಡಿದರೆ ಬಹುಮಟ್ಟಿಗೆ ಅದು ಸಿಗುತ್ತದೆ. ಜೊತೆಗೆ ಒಆರ್‌ಎಸ್ ಪೊಟ್ಟಣಗಳು ಇರಲಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಉಪ್ಪಿನ ಅಳತೆ ಇದಕ್ಕಿಂತ ಹೆಚ್ಚಬಾರದು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ನೀರು ಮತ್ತು ಉಪ್ಪಿನ ಪ್ರಮಾಣವನ್ನು ತಮ್ಮ ವೈದ್ಯರಿಂದಲೇ ತಿಳಿದುಕೊಳ್ಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆಗಳು, ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳು, ರಕ್ತದೊತ್ತಡ ಮತ್ತು ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್‌ಗಳು, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಗಳು ದೇಹವು ಬಿಸಿಲನ್ನು ತಡೆದುಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ತಪ್ಪು. ಸವಾರಿಯನ್ನು ತಂಪು ಹೊತ್ತಿಗೆ ಬದಲಿಸಿಕೊಳ್ಳುವುದು ಸರಿ.

ತಂಪು ಪ್ರದೇಶದಿಂದ ಬಿಸಿ ಪ್ರದೇಶಕ್ಕೆ ಬಂದವರ ದೇಹ ಆ ಧಗೆಗೆ ಒಗ್ಗಲು 7ರಿಂದ 14 ದಿನ ಬೇಕು. ಮೊದಲ ದಿನವೇ ಅಲ್ಲಿಯವರ ಸಮಕ್ಕೆ ಓಡಿಸಲು ಹೋಗಬಾರದು.

ಬೈಕಿನ ತಪಾಸಣೆ

ಟೈರ್‌ನಿಂದ ಆರಂಭಿಸಿ. ಬೇಸಿಗೆಯಲ್ಲಿ ಗಾಳಿ ಕಡಿಮೆ ತುಂಬಿಸಬೇಕೆಂಬ ತಪ್ಪು ನಂಬಿಕೆ ಅನೇಕರಲ್ಲಿದೆ. ಗಾಳಿ ಕಡಿಮೆಯಿದ್ದಷ್ಟೂ ಟೈರ್‌ನ ಪಕ್ಕಗಳು ಹೆಚ್ಚು ಬಾಗಿ ಬಳುಕುತ್ತವೆ. ಆ ಬಳುಕಿನಿಂದಲೇ ಶಾಖ ಹುಟ್ಟಿ, ಬಿಸಿ ರಸ್ತೆಯ ಶಾಖವೂ ಸೇರಿ, ಟೈರ್ ಸಿಡಿಯುವ ಸ್ಥಿತಿಗೆ ಬರುತ್ತದೆ. ಬೈಕಿನ ಕೈಪಿಡಿಯಲ್ಲಿ ಹೇಳಿದ ಒತ್ತಡವನ್ನೇ, ಬೈಕ್ ಮೂರು ಗಂಟೆಯಾದರೂ ನೆರಳಿನಲ್ಲಿ ನಿಂತ ಮೇಲೆ, ಅಳತೆ ಮಾಡಿ ತುಂಬಿಸಿ. ಉಷ್ಣತೆ ಐದಾರು ಡಿಗ್ರಿ ಏರಿದರೆ ಒತ್ತಡವೂ ಸುಮಾರು 1 ಪಿಎಸ್‌ಐ ಏರುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಂಪನಿಯವರು ಆ ಸಂಖ್ಯೆಯನ್ನು ಕೊಟ್ಟಿರುತ್ತಾರೆ, ಆದ್ದರಿಂದ ದಾರಿಯಲ್ಲಿ ಟೈರ್ ಬಿಸಿಯಾಗಿದೆಯೆಂದು ಗಾಳಿ ಬಿಡಬೇಡಿ. ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ: 2223 ಎಂದಿದ್ದರೆ ಅದು 2023ರ 22ನೆಯ ವಾರದಲ್ಲಿ ತಯಾರಾದದ್ದು. ಪಕ್ಕಗಳಲ್ಲಿ ಬಿರುಕು ಬಿಟ್ಟ ಹಳೆಯ ಟೈರ್ ಬೇಸಿಗೆಯ ದೂರ ಸವಾರಿಗೆ ತಕ್ಕುದಲ್ಲ.

ಎಂಜಿನ್ ಆಯಿಲ್ ಮಟ್ಟ ಸರಿಯಿರಲಿ. ಗಾಳಿಯಿಂದ ತಣಿಯುವ ಎಂಜಿನ್‌ಗೆ ನಿಂತ ವಾಹನ ಸಾಲೇ ಶತ್ರು, ಹಾಗಾಗಿ ದೀರ್ಘ ಸಿಗ್ನಲ್‌ನಲ್ಲಿ ಅದನ್ನು ಆರಿಸಿಬಿಡಿ, ಕ್ಲಚ್ ಅರ್ಧ ಹಿಡಿದು ತೆವಳುವುದನ್ನು ಕಡಿಮೆ ಮಾಡಿ. ಕೂಲಂಟ್ ಇರುವ ಬೈಕಿನಲ್ಲಿ ಅದರ ಮಟ್ಟವನ್ನೂ, ರೇಡಿಯೇಟರ್‌ನ ಸಂದಿಗಳಲ್ಲಿ ಸಿಕ್ಕಿಕೊಂಡ ಮಣ್ಣು ಮತ್ತು ಹುಳುಗಳನ್ನೂ ನೋಡಿ. ಉಷ್ಣತೆಯ ದೀಪ ಹೊತ್ತಿಕೊಂಡರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ತಾನಾಗಿ ತಣಿಯಲು ಬಿಡಿ. ಕಾದ ರೇಡಿಯೇಟರ್‌ನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡದಲ್ಲಿರುವ ಕುದಿದ್ರವ ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೇವ ಹೀರಿಕೊಂಡ ಮೇಲೆ ಆ ಮಿತಿ 155ರ ಮಟ್ಟಕ್ಕೆ ಇಳಿಯಬಹುದು. ಬೇಸಿಗೆಯಲ್ಲಿ ಉದ್ದನೆಯ ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಹಿಡಿದಾಗ ಹಳೆಯ ಆಯಿಲ್ ಕುದಿದು, ಬ್ರೇಕ್ ಮೆತ್ತಗಾಗುವುದು ಹೀಗೆ. ಕಪ್ಪಾಗಿದ್ದರೆ ಹೊರಡುವ ಮೊದಲೇ ಬದಲಿಸಿ, ಇಳಿಜಾರಿನಲ್ಲಿ ಕೆಳಗಿನ ಗೇರ್‌ನ ಸಹಾಯ ಪಡೆಯಿರಿ. ಪೆಟ್ರೋಲನ್ನು ಕತ್ತಿನವರೆಗೆ ತುಂಬಿಸಬೇಡಿ: 15 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಕಾಲು ಲೀಟರಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು.

ಹೊತ್ತು, ನಿಲುಗಡೆ, ರಸ್ತೆ

ಸೂರ್ಯ ಹುಟ್ಟುವ ಹೊತ್ತಿಗೆ ರಸ್ತೆಯಲ್ಲಿದ್ದು, ಹನ್ನೊಂದರ ಒಳಗೆ ದಿನದ ಹೆಚ್ಚಿನ ದೂರ ಮುಗಿಸಿ, ಮಧ್ಯಾಹ್ನ ನಾಲ್ಕು ನಾಲ್ಕೂವರೆಯವರೆಗೆ ನೆರಳಿನಲ್ಲಿ ಕಳೆದು, ಆಮೇಲೆ ಉಳಿದದ್ದನ್ನು ಮುಗಿಸುವ ಯೋಜನೆಯೇ ಎಲ್ಲಕ್ಕಿಂತ ಉತ್ತಮ. ಬಿಸಿಲಿನ ತೀಕ್ಷ್ಣತೆ ನಡುಹಗಲಿಗೆ ಹೆಚ್ಚು; ಗಾಳಿಯ ಉಷ್ಣತೆ ಮಾತ್ರ ಅದಾಗಿ ಎರಡು ಮೂರು ಗಂಟೆ ಕಳೆದ ಮೇಲೆ ತುದಿ ಮುಟ್ಟುತ್ತದೆ. ಬಿಸಿಲು ವಾಲಿತೆಂದು ಮೂರು ಗಂಟೆಗೆ ಹೊರಟರೆ ದಿನದ ಅತಿ ಬಿಸಿ ಹೊತ್ತಿಗೇ ಸಿಕ್ಕಿಕೊಂಡಂತೆ.

ನಿಲುಗಡೆಗಳನ್ನು ಗಡಿಯಾರ ನೋಡಿ ಮಾಡಿ, ಆಯಾಸ ನೋಡಿ ಅಲ್ಲ. ಧಗೆ 35 ಡಿಗ್ರಿಯ ಮೇಲಿದ್ದರೆ ಗಂಟೆಗೊಮ್ಮೆ, 40 ಮೀರಿದ್ದರೆ 40ರಿಂದ 45 ನಿಮಿಷಕ್ಕೊಮ್ಮೆ ಎಂಬುದು ನಾನು ಪಾಲಿಸುವ ನಿಯಮ. ನಿಂತಾಗ ಹೆಲ್ಮೆಟ್ ಮತ್ತು ಜಾಕೆಟ್ ತೆಗೆದು, ನೆರಳಿನಲ್ಲಿ ಕನಿಷ್ಠ ಹದಿನೈದು ನಿಮಿಷ ಕೂರಬೇಕು. ಹಿಂದೆ ಕೂತವರನ್ನು ಮರೆಯಬೇಡಿ: ಅವರಿಗೆ ಗಾಳಿ ಕಡಿಮೆ, ಮಾಡಲು ಕೆಲಸವಿಲ್ಲ, ಆದ್ದರಿಂದ ಬಳಲಿ ತೂಕಡಿಸುವುದು ಬೇಗ. ಇಬ್ಬರೂ ಆಗಾಗ ಮಾತನಾಡಿಸಿಕೊಳ್ಳಿ. ಉತ್ತರ ತಡವಾಗಿಯೋ ತೊದಲಾಗಿಯೋ ಬಂದರೆ ತಕ್ಷಣ ನಿಲ್ಲಿಸಿ. ಒಬ್ಬರೇ ಇದ್ದರೆ ನೂರರಿಂದ ಏಳೇಳನ್ನು ಕಳೆಯುತ್ತ ಬನ್ನಿ, ಅಥವಾ ಹಿಂದೆ ಹೋದ ಫಲಕದಲ್ಲಿ ಏನು ಬರೆದಿತ್ತೆಂದು ನೆನಪಿಸಿಕೊಳ್ಳಿ. ತಡವರಿಸಿದರೆ, ಗೇರ್ ತಪ್ಪಿದರೆ, ಬ್ರೇಕ್ ತಡವಾದರೆ, ಎದುರಿನವರ ಮೇಲೆ ಸುಮ್ಮನೆ ಸಿಟ್ಟು ಬಂದರೆ, ಗಡಿಯಾರ ಏನೇ ಹೇಳಲಿ, ಮೊದಲು ಸಿಗುವ ನೆರಳೇ ನಿಮ್ಮ ನಿಲುಗಡೆ.

ರಸ್ತೆಯೂ ಬಿಸಿಲಿಗೆ ಬದಲಾಗುತ್ತದೆ. ಕಡುಬಿಸಿಲಿನಲ್ಲಿ ಡಾಂಬರಿನ ಮೇಲ್ಮೈ 60 ಡಿಗ್ರಿಯನ್ನೂ ಮುಟ್ಟುತ್ತದೆ. ಅಷ್ಟರಲ್ಲಿ ಡಾಂಬರು ಮೆತ್ತಗಾಗಿ, ವಾಹನಗಳ ಗಾಲಿಯ ಜಾಡಿನಲ್ಲಿ ಮೇಲೆದ್ದು ಕಪ್ಪಗೆ ಹೊಳೆಯುತ್ತದೆ; ಬಿರುಕು ಮುಚ್ಚಲು ಎಳೆದ ಡಾಂಬರಿನ ಗೆರೆಗಳೂ ಜಾರತೊಡಗುತ್ತವೆ. ಅಂಥ ಕಡೆ ಬೈಕ್ ವಾಲಿಸುವುದನ್ನೂ ಗಡಸಾಗಿ ಬ್ರೇಕ್ ಹಿಡಿಯುವುದನ್ನೂ ತಪ್ಪಿಸಿ. ದೂರದಲ್ಲಿ ನೀರಿನಂತೆ ನಡುಗುವ ಮರೀಚಿಕೆ ಎದುರಿನ ವಾಹನವನ್ನು ಮರೆಮಾಡಬಲ್ಲದು, ಹಾಗಾಗಿ ಮುಂದಿನವರನ್ನು ಹಿಂದಿಕ್ಕುವಾಗ ಎಂದಿಗಿಂತ ಹೆಚ್ಚು ಅಂತರ ಬೇಕು. ಲಾರಿಗಳ ಟೈರ್ ಸಿಡಿಯುವುದು ಬೇಸಿಗೆಯಲ್ಲಿ ಸಾಮಾನ್ಯ. ಅವುಗಳ ಪಕ್ಕದಲ್ಲಿಯೇ ಸಾಗಬೇಡಿ, ದಾಟುವುದಾದರೆ ಬೇಗ ದಾಟಿ. ದೀರ್ಘ ಬೇಸಿಗೆಯ ನಂತರದ ಮೊದಲ ಮಳೆ ಬಂದರೆ ಅರ್ಧ ಗಂಟೆಯಾದರೂ ನಿಂತುಬಿಡಿ, ಏಕೆಂದರೆ ರಸ್ತೆಯ ಮೇಲೆ ಕೂತಿದ್ದ ಎಣ್ಣೆ ಮತ್ತು ದೂಳು ನೀರಿನೊಡನೆ ಬೆರೆತು ಸಾಬೂನಿನಂತಾಗಿರುತ್ತವೆ. ಬೈಕ್ ನಿಲ್ಲಿಸುವಾಗ ಸೈಡ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲನ್ನೋ ಮರದ ತುಂಡನ್ನೋ ಇಡಿ. ಮೆತ್ತಗಿನ ಡಾಂಬರಿನಲ್ಲಿ ಸ್ಟ್ಯಾಂಡ್ ಹೂತು ಬೈಕ್ ಉರುಳುತ್ತದೆ. ಹ್ಯಾಂಡಲ್ ಮೇಲೆ ಕಟ್ಟಿದ ಮೊಬೈಲ್ ಬಿಸಿಗೆ ಆರಿಹೋಗಬಹುದು, ದಾರಿ ಮನಸ್ಸಿನಲ್ಲಿಯೂ ಇರಲಿ.

ಮೈ ಸೋತಾಗ

ವಿಪರೀತ ಬೆವರು, ತಲೆನೋವು, ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ಬಿಳಿಚಿದ ತಣ್ಣನೆಯ ಚರ್ಮ, ಇವು ಬಿಸಿಲಿನ ಬಳಲಿಕೆಯ ಲಕ್ಷಣಗಳು. ಸವಾರಿ ಅಲ್ಲಿಗೆ ನಿಲ್ಲಬೇಕು. ನೆರಳಿನಲ್ಲಿ ಮಲಗಿ, ಕಾಲನ್ನು ತುಸು ಎತ್ತರದಲ್ಲಿಟ್ಟು, ಉಡುಪು ಸಡಿಲಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಹಾಕಿ, ಸ್ವಲ್ಪ ಸ್ವಲ್ಪವಾಗಿ ಒಆರ್‌ಎಸ್ ಕುಡಿಸಬೇಕು. ಒಂದು ಗಂಟೆಯೊಳಗೆ ಸುಧಾರಿಸದಿದ್ದರೆ ಅಥವಾ ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಸುಧಾರಿಸಿದರೂ ಆ ದಿನ ಮತ್ತೆ ಬೈಕ್ ಏರಬಾರದು.

ಮಾತು ತೊದಲಿದರೆ, ಎಲ್ಲಿದ್ದೇನೆಂಬ ಅರಿವು ತಪ್ಪಿದರೆ, ನಡಿಗೆ ತೂರಾಡಿದರೆ, ಸೆಟೆದುಕೊಂಡರೆ ಅಥವಾ ಪ್ರಜ್ಞೆ ಹೋದರೆ ಅದು ಶಾಖಾಘಾತ. ದೇಹದ ಉಷ್ಣತೆ 40 ಡಿಗ್ರಿ ದಾಟಿರುತ್ತದೆ ಮತ್ತು ಜೀವವೇ ಅಪಾಯದಲ್ಲಿರುತ್ತದೆ. ಚರ್ಮ ಒಣಗಿರಲೇಬೇಕೆಂದಿಲ್ಲ, ಬೆವರುತ್ತಿದ್ದವರಿಗೂ ಶಾಖಾಘಾತವಾಗುತ್ತದೆ. ಒಬ್ಬರು ಆಂಬುಲೆನ್ಸ್‌ಗೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ತಣಿಸುವ ಕೆಲಸ ಆರಂಭಿಸಬೇಕು; ಆಂಬುಲೆನ್ಸ್ ಬರಲಿ ಎಂದು ಕಾಯುವ ಪ್ರತಿ ನಿಮಿಷವೂ ಮಿದುಳಿಗೆ ಹಾನಿ. ಬಿದ್ದು ಕತ್ತಿಗೆ ಪೆಟ್ಟಾಗಿರುವ ಅನುಮಾನ ಇಲ್ಲದಿದ್ದರೆ ಹೆಲ್ಮೆಟ್, ಜಾಕೆಟ್, ಬೂಟು ತೆಗೆಯಿರಿ. ತಣ್ಣೀರಿನ ತೊಟ್ಟಿ ಹತ್ತಿರವಿದ್ದು, ತಲೆಯನ್ನು ಮೇಲೆತ್ತಿ ಹಿಡಿಯಲು ಜನವಿದ್ದರೆ ಕತ್ತಿನವರೆಗೆ ಮುಳುಗಿಸುವುದೇ ಅತಿ ವೇಗದ ಉಪಾಯ. ಇಲ್ಲದಿದ್ದರೆ ಇಡೀ ಮೈಗೆ ನೀರು ಸುರಿಯುತ್ತ ಜೋರಾಗಿ ಗಾಳಿ ಬೀಸಿ, ಕತ್ತು, ಕಂಕುಳು, ತೊಡೆಸಂದಿಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಈ ಉಷ್ಣತೆಯನ್ನು ಇಳಿಸುವುದಿಲ್ಲ, ಕೊಡಬೇಡಿ.

ಒಮ್ಮೆ ಶಾಖಾಘಾತಕ್ಕೆ ಒಳಗಾದವರು ಹೊರಗೆ ಚೇತರಿಸಿಕೊಂಡಂತೆ ಕಂಡರೂ ಕೆಲವು ವಾರ ಧಗೆಯನ್ನು ತಡೆಯುವ ಶಕ್ತಿ ಕುಂದಿರಬಹುದು. ವೈದ್ಯರು ಒಪ್ಪಿದ ಮೇಲೆಯೇ, ಮೊದಲು ಬೆಳಗಿನ ತಂಪಿನಲ್ಲಿ ಸಣ್ಣ ದೂರಗಳಿಂದ, ಜೊತೆಗೊಬ್ಬರನ್ನು ಇಟ್ಟುಕೊಂಡು ಸವಾರಿಯನ್ನು ಮತ್ತೆ ಆರಂಭಿಸಬೇಕು.